ಒಂದೇ ಬೋರ್ಡು, ಸಾವಿರದೈನೂರು ಪರದೆ!

ಚಿತ್ರರಸಿಕರಾದ ನಿಮಗೆ ನಾಯಕನಟನ ಹುಟ್ಟುಹಬ್ಬ ಗೊತ್ತು, ನಾಯಕಿಯ ತವರೂರು ಗೊತ್ತು, ಖಳನಾಯಕನ ಮನೆಯ ನಾಯಿಯ ಹೆಸರೂ ಗೊತ್ತಿರಬಹುದು. ಆದರೆ ನೀವು ಕೊಟ್ಟ ಟಿಕೆಟ್ ದುಡ್ಡು ಕಿಟಕಿಯೊಳಗೆ ಹೋದ ಮೇಲೆ ಎಲ್ಲೆಲ್ಲಿ ಸುತ್ತುತ್ತದೆ ಅಂತ ಎಂದಾದರೂ ಯೋಚಿಸಿದ್ದೀರಾ? ಇಲ್ಲ ತಾನೇ? ಯೋಚಿಸಬೇಕಾದ ಅಗತ್ಯ ನಿಮಗೆ ಇರಲಿಲ್ಲ. ಅದನ್ನು ಯೋಚಿಸಲಿಕ್ಕೆಂದೇ ಸಂಬಳ ಕೊಟ್ಟು ನನ್ನಂಥವರನ್ನು ಇಟ್ಟುಕೊಂಡಿದ್ದರು.

ನಾನು ನಟನಲ್ಲ, ನಿರ್ದೇಶಕನಲ್ಲ, ಲೈಟ್ ಬಾಯ್ ಕೂಡ ಅಲ್ಲ. ಗಾಂಧಿನಗರದ ಒಂದು ಹಂಚಿಕೆ ಕಚೇರಿಯಲ್ಲಿ ‘ರೆಪ್ರೆಸೆಂಟೇಟಿವ್’, ಅಂದರೆ ಪ್ರತಿನಿಧಿ. 1978ರಲ್ಲಿ ಸೇರಿದವನು ಮೂವತ್ತು ವರ್ಷಕ್ಕೂ ಮಿಕ್ಕಿ ಅದೇ ಕೆಲಸದಲ್ಲಿ ಸವೆದೆ. ತೆರೆಯ ಮೇಲೆ ಏನು ನಡೆಯುತ್ತಿದೆ ಅಂತ ನಾನು ನೋಡಿದ್ದು ಕಡಿಮೆ. ತೆರೆಗೆ ಬೆನ್ನು ಹಾಕಿ ತಲೆ ಎಣಿಸಿದ್ದೇ ಹೆಚ್ಚು! ಗಾಂಧಿ ಕ್ಲಾಸಿನಲ್ಲಿ ಎಷ್ಟು, ಸೆಕೆಂಡ್ ಕ್ಲಾಸಿನಲ್ಲಿ ಎಷ್ಟು, ಬಾಲ್ಕನಿಯಲ್ಲಿ ಎಷ್ಟು... ಇದೇ ನನ್ನ ಸಿನಿಮಾ.

ಈಗ ಎಣಿಸುವ ಕೆಲಸವನ್ನು ಕಂಪ್ಯೂಟರು ಮಾಡುತ್ತದೆ. ಟಾಕೀಸಿಗೊಬ್ಬ ಯಜಮಾನ ಅನ್ನುವ ಕಾಲವೂ ಕಳೆಯುತ್ತಿದೆ. ದೇಶದ ತುಂಬ ಸಾವಿರಾರು ಪರದೆ, ಮೇಲೆ ಮಾತ್ರ ಒಂದೇ ಬೋರ್ಡು. ಇದು ಹೇಗಾಯಿತು, ಒಳಗೆ ಹೇಗೆ ನಡೆಯುತ್ತದೆ, ಇದರಿಂದ ನಮಗೆ ಲಾಭವೋ ನಷ್ಟವೋ? ನನಗೆ ತಿಳಿದಷ್ಟನ್ನು ನಿಮ್ಮ ಮುಂದೆ ಇಡುತ್ತೇನೆ. ನಿಮ್ಮ ಬಸ್ಸು ಬರುವುದರೊಳಗೆ ಓದಿ ಮುಗಿಸಬಹುದು.

ಪೆಟ್ಟಿಗೆ ಹೊತ್ತವರ ಕಾಲ

ಹಳೆಯ ಪದ್ಧತಿ ಗೊತ್ತಿದ್ದರೆ ಹೊಸದು ಸುಲಭವಾಗಿ ಅರ್ಥವಾಗುತ್ತದೆ. ಆಗ ಚಿತ್ರ ಅಂದರೆ ಒಂದು ವಸ್ತು, ಕೈಯಲ್ಲಿ ಎತ್ತಬಹುದಾದ ವಸ್ತು. 35 ಎಂ.ಎಂ. ಫಿಲಂ ನಿಮಿಷಕ್ಕೆ 90 ಅಡಿ ಓಡುತ್ತದೆ. ಎರಡೂವರೆ ಗಂಟೆಯ ಚಿತ್ರ ಅಂದರೆ ಹದಿಮೂರೂವರೆ ಸಾವಿರ ಅಡಿ. ಅದನ್ನು ಸುತ್ತಿ, ತಗಡಿನ ಪೆಟ್ಟಿಗೆಗಳಲ್ಲಿ ತುಂಬಿ, ಬಸ್ಸಿನ ಟಾಪಿನ ಮೇಲೆ ಹಾಕಿಸಿ, ಕೆಳಗೆ ಸೀಟಿನಲ್ಲಿ ನಾನು ಕುಳಿತು ತಿಪಟೂರಿಗೋ ಅರಸೀಕೆರೆಗೋ ಹೋಗಬೇಕು. ಎಷ್ಟೋ ಸಲ ಎರಡು ಟಾಕೀಸಿಗೆ ಒಂದೇ ಪ್ರಿಂಟು. ಇಲ್ಲಿ ಮುಗಿದ ರೀಲು ಸೈಕಲ್ ಹುಡುಗನ ಕ್ಯಾರಿಯರ್ ಮೇಲೆ ಕೂತು ಅಲ್ಲಿಗೆ ಓಡಬೇಕು. ಹುಡುಗನ ಸೈಕಲ್ ಪಂಕ್ಚರ್ ಆದರೆ ಅಲ್ಲಿ ನಾಯಕಿ ಅರ್ಧ ಅತ್ತು ನಿಂತಿರುತ್ತಾಳೆ, ಜನ ಶಿಳ್ಳೆ ಹಾಕುತ್ತಿರುತ್ತಾರೆ!

ಟಿಕೆಟ್ ಪುಸ್ತಕಕ್ಕೆ ಮನರಂಜನಾ ತೆರಿಗೆಯವರ ಸೀಲು. ಆಟ ಮುಗಿದ ಮೇಲೆ ಮೊದಲ ನಂಬರು ಯಾವುದು, ಕೊನೆಯ ನಂಬರು ಯಾವುದು ಅಂತ ನೋಡಿ ಡಿ.ಸಿ.ಆರ್. ಬರೆಯಬೇಕು. ದಿನದ ಕಲೆಕ್ಷನ್ ಲೆಕ್ಕದ ಹಾಳೆ ಅದು. ಮ್ಯಾನೇಜರ್ ಸಹಿ, ನನ್ನ ಸಹಿ. ಅದಕ್ಕೆ ಮುಂಚೆ ನಾನು ಸಭಾಂಗಣಕ್ಕೆ ಹೋಗಿ ತಲೆ ಎಣಿಸಿ ಬಂದಿರಬೇಕು. ಹಾಳೆಯಲ್ಲಿ ಇನ್ನೂರು, ಒಳಗೆ ಇನ್ನೂರೈವತ್ತು ತಲೆ ಇದ್ದರೆ ಜಗಳ ಶುರು. ಆ ಐವತ್ತು ಜನ ‘ಪೊಲೀಸ್‌ನೋರ ಮನೆಯವರು, ಎಲೆಕ್ಟ್ರಿಸಿಟಿ ಬೋರ್ಡಿನವರು, ಯಜಮಾನರ ಬೀಗರು’ ಅಂತ ಉತ್ತರ ಬರುತ್ತಿತ್ತು. ಒಂದೇ ಊರಿನಲ್ಲಿ ಯಜಮಾನರಿಗೆ ಅಷ್ಟೊಂದು ಬೀಗರು ಇರುವುದುಂಟೇ?

ಇನ್ನು ದುಡ್ಡಿನ ಒಪ್ಪಂದ ಎರಡು ಬಗೆ. ಒಂದು ಶೇಕಡಾವಾರು. ಬಂದದ್ದರಲ್ಲಿ ನಿನಗಿಷ್ಟು, ನನಗಿಷ್ಟು. ಇನ್ನೊಂದು ಬಾಡಿಗೆ. ಬೆಂಗಳೂರಿನ ದೊಡ್ಡ ಟಾಕೀಸುಗಳಲ್ಲಿ ಕನ್ನಡ ನಿರ್ಮಾಪಕರ ತಲೆನೋವೇ ಇದು. ಚಿತ್ರ ಓಡಲಿ ಬಿಡಲಿ, ವಾರಕ್ಕೆ ಇಷ್ಟು ಅಂತ ಬಾಡಿಗೆ ಕಟ್ಟಬೇಕು. ಮಳೆ ಬಂದರೂ ಕಟ್ಟಬೇಕು, ಬಂದ್ ಆದರೂ ಕಟ್ಟಬೇಕು. ‘ಶತದಿನೋತ್ಸವ’ದ ಕಟೌಟಿನ ಹಿಂದೆ ಹೆಂಡತಿಯ ಒಡವೆ ಅಡ ಇಟ್ಟು ಬಾಡಿಗೆ ಕಟ್ಟಿದ ನಿರ್ಮಾಪಕರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ‘ಹಿಂದಿನದೆಲ್ಲ ಚಿನ್ನ, ಇಂದಿನದೆಲ್ಲ ಮಣ್ಣು’ ಅಂತ ಹಾಡುವವನು ನಾನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಸರಪಳಿ ಹೊಸದೇನಲ್ಲ

ಒಂದೇ ಕಂಪನಿ ದೇಶದ ತುಂಬ ಟಾಕೀಸು ನಡೆಸುವುದು ಇವತ್ತಿನ ಹೊಸ ಐಡಿಯಾ ಅಂದುಕೊಳ್ಳಬೇಡಿ. ಜೆ.ಎಫ್. ಮದನ್ ಅನ್ನುವ ಪಾರ್ಸಿ ಮಹನೀಯರು 1902ರಲ್ಲಿ ಕಲ್ಕತ್ತೆಯ ಮೈದಾನದಲ್ಲಿ ಡೇರೆ ಹಾಕಿ ಬಯೋಸ್ಕೋಪ್ ತೋರಿಸಲು ಶುರು ಮಾಡಿದರು. 1907ರಲ್ಲಿ ಎಲ್ಫಿನ್‌ಸ್ಟನ್ ಪಿಕ್ಚರ್ ಪ್ಯಾಲೇಸ್ ಅಂತ ಕಾಯಂ ಚಿತ್ರಮಂದಿರ ಕಟ್ಟಿದರು. 1919ರಲ್ಲಿ ಮದನ್ ಥಿಯೇಟರ್ಸ್ ಲಿಮಿಟೆಡ್ ಕಂಪನಿ ಆಯಿತು. 1920ರ ದಶಕ ಮುಗಿಯುವ ಹೊತ್ತಿಗೆ ಭಾರತ, ಬರ್ಮಾ, ಸಿಲೋನ್ ಸೇರಿ ನೂರಕ್ಕೂ ಹೆಚ್ಚು ಚಿತ್ರಮಂದಿರ ಆ ಕಂಪನಿಯ ಕೈಯಲ್ಲಿ! ಚಿತ್ರ ತೆಗೆಯುವವರೂ ಅವರೇ, ತರಿಸುವವರೂ ಅವರೇ, ತೋರಿಸುವವರೂ ಅವರೇ. 1927–28ರಲ್ಲಿ ರಂಗಾಚಾರಿಯಾರ್ ಅಧ್ಯಕ್ಷತೆಯ ಸಮಿತಿ ದೇಶದ ಸಿನಿಮಾ ಉದ್ಯಮದ ವಿಚಾರಣೆ ಮಾಡಿದಾಗ ಈ ಕಂಪನಿಯ ಏಕಸ್ವಾಮ್ಯದ ದೂರು ಅಲ್ಲಿಗೂ ಹೋಯಿತು.

ಆಮೇಲೆ? 1931ರಲ್ಲಿ ಮಾತಿನ ಚಿತ್ರ ಬಂತು. ಎಲ್ಲ ಟಾಕೀಸಿಗೂ ಧ್ವನಿಯಂತ್ರ ಕೂರಿಸುವ ಖರ್ಚು, ಸಾಲ. ಕೆಲವೇ ವರ್ಷದಲ್ಲಿ ಸರಪಳಿ ಕಳಚಿ ಬಿತ್ತು. ದೊಡ್ಡ ಮರ ಬಿದ್ದಾಗ ಸದ್ದು ಜೋರು, ಆದರೆ ಎಷ್ಟು ಬೇಗ ಮರೆತುಬಿಡುತ್ತೇವೆ ನೋಡಿ. ಅದಾದ ಮೇಲೆ ಎಷ್ಟೋ ದಶಕ ನಮ್ಮಲ್ಲಿ ಟಾಕೀಸು ಅಂದರೆ ಒಂದು ಊರು, ಒಂದು ಮನೆತನ, ಒಂದು ಕಟ್ಟಡ.

ಲಾರಿ ಮನೆತನದ ಟಾಕೀಸು

ಈಗ ದಿಲ್ಲಿಗೆ ಬನ್ನಿ. ನಾನು ಪೆಟ್ಟಿಗೆ ಹೊರಲು ಶುರು ಮಾಡಿದ ಅದೇ 1978ರಲ್ಲಿ, ಲಾರಿ ಸಾಗಣೆ ವ್ಯವಹಾರದ ಬಿಜ್ಲಿ ಮನೆತನ ದಿಲ್ಲಿಯ ವಸಂತ ವಿಹಾರದ ಪ್ರಿಯಾ ಟಾಕೀಸನ್ನು ಕೊಂಡಿತು. ಆ ಮನೆಯ ಮಗ ಅಜಯ್ ಬಿಜ್ಲಿ. 1990ರ ಸುಮಾರಿಗೆ ಅವರು ಟಾಕೀಸನ್ನು ನವೀಕರಿಸಿ, ಡಾಲ್ಬಿ ಧ್ವನಿ ಹಾಕಿಸಿ, ಇಂಗ್ಲಿಷ್ ಚಿತ್ರ ತೋರಿಸತೊಡಗಿದರು. ವಿ.ಸಿ.ಆರ್., ಕೇಬಲ್ ಟೀವಿಗಳ ಹಾವಳಿಗೆ ಸಂಸಾರಸ್ಥರು ಟಾಕೀಸಿನ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದ ಕಾಲ ಅದು. ಸೀಟು ಹರಿದಿದ್ದರೂ ಯಾರೂ ಹೊಲಿಸುತ್ತಿರಲಿಲ್ಲ.

1995ರಲ್ಲಿ ಆಸ್ಟ್ರೇಲಿಯಾದ ವಿಲೇಜ್ ರೋಡ್‌ಶೋ ಜೊತೆ ಪಾಲುದಾರಿಕೆ ಆಯಿತು. ಪ್ರಿಯಾ ವಿಲೇಜ್ ರೋಡ್‌ಶೋ... ಮೊದಲಕ್ಷರ ಸೇರಿಸಿದರೆ ಪಿ.ವಿ.ಆರ್! ನಿಮ್ಮ ಮಕ್ಕಳು ದಿನಕ್ಕೆ ನಾಲ್ಕು ಸಲ ಹೇಳುವ ಹೆಸರಿನ ಗುಟ್ಟು ಇಷ್ಟೇ. 1997ರಲ್ಲಿ ದಿಲ್ಲಿಯ ಸಾಕೇತ್‌ನ ಅನುಪಮ್ ಟಾಕೀಸನ್ನು ಒಡೆದು ಕಟ್ಟಿ ನಾಲ್ಕು ಪರದೆ ಮಾಡಿದರು. ದೇಶದ ಮೊದಲ ಮಲ್ಟಿಪ್ಲೆಕ್ಸ್ ಅಂತ ಹೆಸರಾದದ್ದು ಅದೇ. ಕೆಲವು ವರ್ಷದಲ್ಲಿ ಆಸ್ಟ್ರೇಲಿಯಾದವರು ಗಂಟುಮೂಟೆ ಕಟ್ಟಿದರು, ಹೆಸರು ಮಾತ್ರ ಉಳಿಯಿತು. ಹಲವು ರಾಜ್ಯಗಳು ಮಲ್ಟಿಪ್ಲೆಕ್ಸಿಗೆ ಮನರಂಜನಾ ತೆರಿಗೆಯಲ್ಲಿ ಕೆಲವು ವರ್ಷ ರಿಯಾಯಿತಿ ಕೊಟ್ಟವು. ಊರೂರಲ್ಲಿ ಮಾಲ್‌ಗಳು ಎದ್ದವು. 2006ರಲ್ಲಿ ಕಂಪನಿ ಷೇರು ಪೇಟೆಗೆ ಬಂತು.

ಆಮೇಲಿನದು ನುಂಗಿ ಬೆಳೆದ ಕಥೆ. 2012ರಲ್ಲಿ ಸಿನಿಮ್ಯಾಕ್ಸ್ ಬಂತು, 2016ರಲ್ಲಿ ಡಿ.ಟಿ. ಸಿನಿಮಾಸ್ ಬಂತು. 2018ರಲ್ಲಿ ಚೆನ್ನೈನ ಸತ್ಯಂ ಟಾಕೀಸಿನ ಎಸ್.ಪಿ.ಐ. ಸಿನಿಮಾಸ್ ಕೂಡ ಬಂತು. ಆ ಕಡೆ 2002ರಲ್ಲಿ ಪುಣೆಯಲ್ಲಿ ಶುರುವಾದ ಐನಾಕ್ಸ್ ಕೂಡ ಹೀಗೇ ಒಂದೊಂದಾಗಿ ಕಂಪನಿ ಕೊಳ್ಳುತ್ತ ಬೆಳೆದಿತ್ತು. 2020ರ ಮಾರ್ಚ್‌ನಲ್ಲಿ ಕೊರೋನಾ ಬಂದು ದೇಶದ ಎಲ್ಲ ಟಾಕೀಸಿನ ಬಾಗಿಲೂ ಒಟ್ಟಿಗೇ ಮುಚ್ಚಿತು ನೋಡಿ, ಆ ಪೆಟ್ಟಿಗೆ ಇಬ್ಬರು ಎದುರಾಳಿಗಳೂ ಕೈ ಹಿಡಿದರು. 2022ರ ಮಾರ್ಚ್‌ನಲ್ಲಿ ವಿಲೀನದ ಘೋಷಣೆ. ಪಿ.ವಿ.ಆರ್.ನ 871, ಐನಾಕ್ಸಿನ 675, ಒಟ್ಟು 1546 ಪರದೆ, 109 ಊರು. 2023ರ ಫೆಬ್ರವರಿಯಲ್ಲಿ ಮದುವೆ ಪೂರ್ತಿ ಆಯಿತು. ಮದನ್ ಮಹಾಶಯರು ಇದ್ದಿದ್ದರೆ ಬೆರಗಾಗುತ್ತಿದ್ದರು!

ಬೆಂಗಳೂರಿನ ಹನ್ನೊಂದು ಬಾಗಿಲು

ನಮ್ಮೂರಿಗೆ ಪಿ.ವಿ.ಆರ್. ಬಂದದ್ದು 2004ರಲ್ಲಿ, ಕೋರಮಂಗಲದ ಫೋರಂ ಮಾಲ್‌ಗೆ. ಒಂದೇ ಕಡೆ ಹನ್ನೊಂದು ಪರದೆ. ಗಾಂಧಿನಗರದಲ್ಲಿ ಆಗ ಎರಡು ಮಾತು. ‘ಅದು ಇಂಗ್ಲಿಷ್, ಹಿಂದಿಯವರಿಗೆ ಕಣ್ರೀ, ನಮಗ್ಯಾಕೆ?’ ಅನ್ನುವವರು ಹೆಚ್ಚು. ‘ಹನ್ನೊಂದರಲ್ಲಿ ಒಂದಾದರೂ ನಮಗೆ ಸಿಗಲ್ವಾ?’ ಅನ್ನುವವರು ಕಡಿಮೆ.

ಎರಡನೆಯ ಮಾತಿಗೆ ಜಯ ತಂದುಕೊಟ್ಟದ್ದು ‘ಮುಂಗಾರು ಮಳೆ’. 2006ರ ಡಿಸೆಂಬರ್ 29ರಂದು ಬಿಡುಗಡೆಯಾದ ಯೋಗರಾಜ ಭಟ್ಟರ ಚಿತ್ರ. ಮಹಾತಾರೆಯರ ಸೈನ್ಯ ಇಲ್ಲ, ಜೊತೆಗೆ ಮಳೆ ಮತ್ತು ಒಂದು ಮೊಲ. ಈ ಚಿತ್ರ ಬೆಂಗಳೂರಿನ ಪಿ.ವಿ.ಆರ್.ನಲ್ಲಿ ಒಂದು ವರ್ಷಕ್ಕೂ ಹೆಚ್ಚು ಸತತವಾಗಿ ನಡೆಯಿತು. ದೇಶದ ಯಾವ ಭಾಷೆಯ ಚಿತ್ರಕ್ಕೂ ಅದುವರೆಗೆ ಮಲ್ಟಿಪ್ಲೆಕ್ಸಿನಲ್ಲಿ ಆ ಯೋಗ ಬಂದಿರಲಿಲ್ಲ. 1972ರ ‘ಬಂಗಾರದ ಮನುಷ್ಯ’ ಸ್ಟೇಟ್ಸ್ ಟಾಕೀಸಿನಲ್ಲಿ ಬರೆದ ದಾಖಲೆಯನ್ನು ಬಾಯಿಪಾಠ ಮಾಡಿದ್ದ ನಮ್ಮಂಥವರಿಗೆ ಇದು ಬೇರೆಯೇ ಲೋಕ. ಐ.ಟಿ. ಕಂಪನಿಯ ಹುಡುಗ ಹುಡುಗಿಯರು, ಕನ್ನಡ ಚಿತ್ರ ನೋಡುವುದನ್ನೇ ಬಿಟ್ಟಿದ್ದ ಸಂಸಾರಗಳು ಲೈನು ಕಟ್ಟಿದವು. ಹೆಣ್ಣುಮಕ್ಕಳು ರಾತ್ರಿ ಆಟಕ್ಕೆ ಹೆದರದೆ ಬಂದರು.

ಇದರ ಕಾರಣವನ್ನು ಮುಚ್ಚುಮರೆ ಇಲ್ಲದೆ ಹೇಳಬೇಕು. ಶೌಚಾಲಯ ಚೊಕ್ಕಟ. ಸೀಟಿನಲ್ಲಿ ತಿಗಣೆ ಇಲ್ಲ. ಕಿಟಕಿಯ ಹತ್ತಿರ ಬ್ಲಾಕ್ ಟಿಕೆಟ್ ದಾದಾ ಇಲ್ಲ. ನಮ್ಮ ಎಷ್ಟೋ ಟಾಕೀಸಿನ ಯಜಮಾನರು ಚಿತ್ರಕ್ಕೆ ಬಂದ ಹೆಂಗಸರಿಗೆ ಒಂದು ಕದ ಸರಿಯಾಗಿ ಮುಚ್ಚುವ ಶೌಚಾಲಯ ಕಟ್ಟಿಸಿಕೊಡಲಿಲ್ಲ. ಮಲ್ಟಿಪ್ಲೆಕ್ಸ್ ಅರ್ಧ ಗೆದ್ದದ್ದು ಅಲ್ಲೇ.

ಮಾವನಿಗೆ ಅಳಿಯನ ಪಾಠ

ನನ್ನ ತಂಗಿಯ ಮಗ ಇಂಥದೇ ಒಂದು ಸರಪಳಿಯ ಮಲ್ಟಿಪ್ಲೆಕ್ಸಿನಲ್ಲಿ ಡ್ಯೂಟಿ ಮ್ಯಾನೇಜರ್. ಕಂಪನಿಯ ಹೆಸರು ಬೇಡ, ಹುಡುಗ ಹೊಟ್ಟೆಪಾಡಿಗೆ ದುಡಿಯುತ್ತಿದ್ದಾನೆ. ಒಂದು ಮಂಗಳವಾರ ಮಧ್ಯಾಹ್ನ ನನ್ನನ್ನು ಒಳಗೆಲ್ಲ ಸುತ್ತಿಸಿದ.

‘ಪ್ರೊಜೆಕ್ಟರ್ ರೂಮು ತೋರಿಸೋ’ ಅಂದೆ.

‘ಬನ್ನಿ ಮಾವ, ಆದ್ರೆ ಅಲ್ಲಿ ಯಾರೂ ಇರಲ್ಲ’ ಅಂದ.

ನಿಜಕ್ಕೂ ಯಾರೂ ಇರಲಿಲ್ಲ! ನಮ್ಮ ಕಾಲದ ಆಪರೇಟರು ಕಾರ್ಬನ್ ಕಡ್ಡಿಗಳ ಬೆಂಕಿ ಸರಿಮಾಡುತ್ತ, ಬೆವರು ಸುರಿಸುತ್ತ, ಒಂದು ರೀಲು ಮುಗಿಯುವ ಕ್ಷಣ ಕಾದು ಇನ್ನೊಂದು ಯಂತ್ರಕ್ಕೆ ಬದಲಿಸುತ್ತಿದ್ದ. ಇಲ್ಲಿ ತಣ್ಣನೆಯ ಕೋಣೆ, ಯಂತ್ರಗಳ ಸಾಲು, ಸಣ್ಣ ದೀಪಗಳು. ಚಿತ್ರ ಒಂದು ಫೈಲು. ಅದು ಬಂದರೂ ಬೀಗ ಹಾಕಿಕೊಂಡೇ ಬರುತ್ತದೆ. ಬೀಗದ ಕೈ ಬೇರೆಯಾಗಿ ಬರುತ್ತದೆ. ಅದೂ ಲೋಹದ ಕೀಲಿಯಲ್ಲ, ಅಕ್ಷರ ಅಂಕಿಗಳ ಸಂಕೇತ. ಇಂಥ ಯಂತ್ರದಲ್ಲಿ, ಇಂಥ ದಿನದಿಂದ ಇಂಥ ದಿನದವರೆಗೆ ಮಾತ್ರ ತೆರೆಯುತ್ತದೆ. ಅವಧಿ ಮುಗಿದರೆ ಮುಗಿಯಿತು. ಜಾಹೀರಾತು, ಟ್ರೈಲರು, ಚಿತ್ರ, ಇಂಟರ್‌ವಲ್ಲು, ಎಲ್ಲದರ ಪಟ್ಟಿ ಮೊದಲೇ ತಯಾರು. ಸಮಯಕ್ಕೆ ಸರಿಯಾಗಿ ದೀಪ ತಾನೇ ಮಂಕಾಗುತ್ತದೆ.

‘ನಿಮ್ಮಲ್ಲಿ ಆರು ಆಟ ಒಂದೇ ಟೈಮಿಗೆ ಯಾಕೆ ಶುರು ಮಾಡಲ್ಲ?’ ಅಂತ ಕೇಳಿದೆ.

‘ಮಾಡಿದ್ರೆ ಇಂಟರ್‌ವಲ್ಲೂ ಒಟ್ಟಿಗೇ ಬರುತ್ತೆ ಮಾವ. ಪಾಪ್‌ಕಾರ್ನ್ ಕೌಂಟರು ಕುಸಿದುಹೋಗುತ್ತೆ!’

ನೋಡಿ ಎಂಥ ಲೆಕ್ಕ! ಹತ್ತು ನಿಮಿಷ, ಹದಿನೈದು ನಿಮಿಷದ ಅಂತರದಲ್ಲಿ ಒಂದೊಂದು ಪರದೆ. ಹಾಗಾದರೆ ಪಾರ್ಕಿಂಗು, ಬಾಗಿಲು, ಶೌಚಾಲಯ, ತಿಂಡಿ ಕೌಂಟರು ಯಾವುದಕ್ಕೂ ನೂಕುನುಗ್ಗಲಿಲ್ಲ. ಆಟದಿಂದ ಆಟಕ್ಕೆ ಸಿಗುವ ಸ್ವಲ್ಪ ಹೊತ್ತಿನಲ್ಲಿ ಗುಡಿಸುವ ಹೆಂಗಸರು ಇಡೀ ಸಭಾಂಗಣ ಮುಗಿಸಬೇಕು. ಪರದೆಗಳೂ ಒಂದೇ ಅಳತೆಯಲ್ಲ. ದೊಡ್ಡದರಲ್ಲಿ ಮುನ್ನೂರು ಸೀಟಿದ್ದರೆ ಸಣ್ಣದರಲ್ಲಿ ನೂರು. ಶುಕ್ರವಾರ ದೊಡ್ಡದರಲ್ಲಿ ಬಿಟ್ಟ ಚಿತ್ರಕ್ಕೆ ಜನ ಬರಲಿಲ್ಲವೋ, ಸೋಮವಾರ ಅದನ್ನು ಸಣ್ಣದಕ್ಕೆ ತಳ್ಳುತ್ತಾರೆ. ಅಲ್ಲೂ ಬರಲಿಲ್ಲವೋ, ಬೆಳಗಿನ ಒಂದು ಆಟ ಮಾತ್ರ. ಆಮೇಲೆ ಅದೂ ಇಲ್ಲ.

‘ಯಾವ ಚಿತ್ರಕ್ಕೆ ಎಷ್ಟು ಆಟ ಅಂತ ನೀನೇ ತೀರ್ಮಾನ ಮಾಡ್ತೀಯೇನೋ?’

‘ಅಯ್ಯೋ ನಾನೆಲ್ಲಿ ಮಾವ! ಅದೆಲ್ಲ ಮೇಲಿನವರದ್ದು. ನಮಗೆ ಪಟ್ಟಿ ಬರುತ್ತೆ, ನಾವು ನಡೆಸ್ತೀವಿ ಅಷ್ಟೆ.’

ನನಗೆ ಚುಚ್ಚಿದ್ದು ಈ ಮಾತು. ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಟಾಕೀಸಿನ ಯಜಮಾನರ ಮನೆಗೆ ಹೋಗಿ, ಕಾಫಿ ಕುಡಿದು, ‘ಸ್ವಾಮಿ, ಶನಿವಾರ ಸಂತೆ ಇದೆ, ಇನ್ನೆರಡು ದಿನ ಇರಲಿ ಚಿತ್ರ’ ಅಂತ ಕೈ ಮುಗಿದು ಉಳಿಸಿಕೊಂಡ ಚಿತ್ರಗಳು ಎಷ್ಟೋ. ಅದರಲ್ಲಿ ಕೆಲವು ಐವತ್ತು ದಿನ ಓಡಿದವು. ಈಗ ಕೈ ಮುಗಿಯೋಣ ಅಂದರೆ ಯಾರಿಗೆ ಮುಗಿಯುವುದು? ಎದುರಿಗೆ ನಿಂತವನು ನನ್ನ ತಂಗಿಯ ಮಗ. ಅವನ ಕೈಯಲ್ಲೂ ಏನಿಲ್ಲ.

ಟಿಕೆಟ್ಟು ಹಂಚಿಕೆ, ಪಾಪ್‌ಕಾರ್ನ್ ಪೂರ್ತಿ

ದುಡ್ಡಿನ ವಿಷಯಕ್ಕೆ ಬರೋಣ. 2009ರ ಏಪ್ರಿಲ್‌ನಿಂದ ಜೂನ್‌ವರೆಗೆ ಹಿಂದಿ ನಿರ್ಮಾಪಕರು ಮಲ್ಟಿಪ್ಲೆಕ್ಸುಗಳಿಗೆ ಹೊಸ ಚಿತ್ರ ಕೊಡದೆ ಮುಷ್ಕರ ಹೂಡಿದ್ದರು. ಕೊನೆಗೆ ಆದ ಒಪ್ಪಂದ ಹೀಗಿತ್ತು: ತೆರಿಗೆ ಕಳೆದು ಬಂದ ಟಿಕೆಟ್ ಹಣದಲ್ಲಿ ಚಿತ್ರದವರಿಗೆ ಮೊದಲ ವಾರ ಶೇ. 50, ಎರಡನೆಯ ವಾರ 42.5, ಮೂರನೆಯ ವಾರ 37.5, ಆಮೇಲೆ 30. ಅಂದರೆ ತೆರಿಗೆ ಕಳೆದು ಟಿಕೆಟ್ 200 ರೂಪಾಯಿ ಅಂದುಕೊಳ್ಳಿ. ಮೊದಲ ವಾರ ಚಿತ್ರದವರಿಗೆ 100, ಎರಡನೆಯ ವಾರ 85, ಮೂರನೆಯ ವಾರ 75, ನಾಲ್ಕನೆಯ ವಾರದಿಂದ 60.

ನಮ್ಮ ಬಾಡಿಗೆ ಪದ್ಧತಿಯ ನೋವು ಕಂಡವನಿಗೆ ಇದು ನ್ಯಾಯವಾಗಿಯೇ ಕಾಣುತ್ತದೆ. ಜನ ಬಾರದಿದ್ದರೆ ನಿರ್ಮಾಪಕ ಬಾಡಿಗೆ ಕಟ್ಟಬೇಕಾಗಿಲ್ಲ, ಹೆಂಡತಿಯ ಒಡವೆ ಉಳಿಯುತ್ತದೆ. ಲೆಕ್ಕವೂ ಸ್ವಚ್ಛ. ಎಷ್ಟು ಟಿಕೆಟ್ ಹೋಯಿತು ಅನ್ನುವುದು ಕಂಪ್ಯೂಟರಿನಲ್ಲಿ ದಾಖಲು, ಬೀಗರ ಕಥೆ ನಡೆಯುವುದಿಲ್ಲ. ಆದರೆ ಒಂದು ತೊಡಕುಂಟು. ವಾರ ಕಳೆದಂತೆ ಚಿತ್ರದವರ ಪಾಲು ಇಳಿಯುತ್ತದೆ. ಬಾಯಿಂದ ಬಾಯಿಗೆ ಹರಡಿ ನಿಧಾನವಾಗಿ ಏರುವ ಸಣ್ಣ ಚಿತ್ರಕ್ಕೆ ಜನ ಬರುವುದೇ ಎರಡನೆಯ, ಮೂರನೆಯ ವಾರ. ಅಷ್ಟರಲ್ಲಿ ಪಾಲೂ ಇಳಿದಿರುತ್ತದೆ, ಆಟವೂ ಇಳಿದಿರುತ್ತದೆ.

ಇನ್ನು ಪಾಪ್‌ಕಾರ್ನ್! ಅದರಲ್ಲಿ ಚಿತ್ರದವರಿಗೆ ಒಂದು ಕಾಳೂ ಇಲ್ಲ. ಪಿ.ವಿ.ಆರ್. ಐನಾಕ್ಸ್‌ನ 2023–24ರ ಲೆಕ್ಕ ನೋಡಿ. ವರ್ಷದಲ್ಲಿ ಸುಮಾರು 15 ಕೋಟಿ ಟಿಕೆಟ್. ಟಿಕೆಟ್ಟಿನ ಸರಾಸರಿ ದರ 259 ರೂಪಾಯಿ, ಒಬ್ಬೊಬ್ಬರು ತಿಂದು ಕುಡಿದದ್ದು ಸರಾಸರಿ 132 ರೂಪಾಯಿ. 259ರಲ್ಲಿ ಚಿತ್ರದವರಿಗೂ ಪಾಲು ಕೊಡಬೇಕು. 132ರಲ್ಲಿ ಜೋಳ, ಎಣ್ಣೆ, ಸಕ್ಕರೆಯ ಖರ್ಚು ಕಳೆದರೆ ಉಳಿದದ್ದೆಲ್ಲ ಮನೆಯದು. ಇದರ ಮೇಲೆ ಜಾಹೀರಾತಿನ ವರಮಾನ, ಆನ್‌ಲೈನ್ ಬುಕಿಂಗಿನ ಶುಲ್ಕ.

ಜಾಹೀರಾತಿನ ಮೇಲೆ ಬೆಂಗಳೂರಿನ ಪ್ರೇಕ್ಷಕರೊಬ್ಬರು ಕೋರ್ಟಿಗೇ ಹೋದರು. ಟಿಕೆಟ್ಟಿನ ಮೇಲೆ ಬರೆದ ಸಮಯಕ್ಕೆ ಚಿತ್ರ ಶುರುವಾಗದೆ ಸುಮಾರು 25 ನಿಮಿಷ ಜಾಹೀರಾತೇ ಆಯಿತು ಅಂತ ದೂರು. 2025ರ ಫೆಬ್ರವರಿಯಲ್ಲಿ ಗ್ರಾಹಕ ನ್ಯಾಯಾಲಯ ಕಂಪನಿಗೆ ದಂಡ ಹಾಕಿತು. ಮುಂದಿನ ತಿಂಗಳು ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ನಮ್ಮ ಕಾಲದಲ್ಲಿ ನ್ಯೂಸ್ ರೀಲೂ ನಶ್ಯದ ಸ್ಲೈಡೂ ನೋಡಿ ಗೊಣಗುತ್ತಿದ್ದೆವು. ಕೋರ್ಟಿಗೆ ಹೋಗುವ ಯೋಚನೆ ಯಾರಿಗೂ ಬಂದಿರಲಿಲ್ಲ!

ಹಾಗಂತ ಕಂಪನಿಯವರು ಹಾಸಿಗೆಯ ಕೆಳಗೆ ನೋಟು ತುಂಬಿಕೊಂಡು ಮಲಗಿದ್ದಾರೆ ಅಂತಲೂ ತಿಳಿಯಬೇಡಿ. ಮಾಲ್‌ನ ಬಾಡಿಗೆ, ಎ.ಸಿ.ಯ ಕರೆಂಟು, ನೂರಾರು ಸಂಬಳ. ಖಾಲಿ ಸಭಾಂಗಣಕ್ಕೂ ಇಷ್ಟೇ ಖರ್ಚು. 2023ರಲ್ಲಿ ಇದೇ ಪಿ.ವಿ.ಆರ್. ಐನಾಕ್ಸ್ ನಷ್ಟದಲ್ಲಿರುವ ಸುಮಾರು 50 ಪರದೆ ಮುಚ್ಚುವುದಾಗಿ ಹೇಳಿತು. ಅದೇ ವರ್ಷ ವಾರದ ನಡುವೆ ಜನ ಬರಲಿ ಅಂತ ಸೋಮವಾರದಿಂದ ಗುರುವಾರದವರೆಗೆ ತಿಂಗಳಿಗೆ 10 ಚಿತ್ರ, 699 ರೂಪಾಯಿ ಅನ್ನುವ ಪಾಸು ತಂದಿತು.

ಒಂದು ತಾಲೂಕಿನ ಟಾಕೀಸು

ಈಗ ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಇರುವ ಒಂದು ವಿಷಯ. ಊರಿನ ಹೆಸರು ಬರೆಯುವುದಿಲ್ಲ, ತುಮಕೂರು ಆಚೆಯ ಒಂದು ತಾಲೂಕು ಕೇಂದ್ರ ಅಂದುಕೊಳ್ಳಿ. ಅಲ್ಲೊಂದು ಟಾಕೀಸು. ಮೊದಲು ಡೇರೆ, ಆಮೇಲೆ ತಗಡಿನ ಶೆಡ್ಡು, 1980ರ ದಶಕದಲ್ಲಿ ಗಟ್ಟಿ ಕಟ್ಟಡ. ಆರುನೂರು ಸೀಟು. ಸಂಜೆ ಮೈಕಿನಲ್ಲಿ ವೆಂಕಟೇಶನ ಹಾಡು ಹಾಕಿದರೆ ಸುತ್ತಲ ಹಳ್ಳಿಯವರು ಎತ್ತು ಬಿಚ್ಚಿ, ಊಟ ಮುಗಿಸಿ ಹೊರಡುತ್ತಿದ್ದರು. ನಾನು ಹೋದಾಗಲೆಲ್ಲ ಯಜಮಾನರ ಮನೆಯಲ್ಲೇ ಊಟ.

2019ರಲ್ಲಿ ಆ ಯಜಮಾನರು ಫೋನ್ ಮಾಡಿದರು. ‘ಏನ್ರೀ ಪ್ರತಿನಿಧಿಗಳೇ, ಇನ್ನೂ ಉಸಿರಾಡ್ತಿದ್ದೀರಾ? ಒಂದು ಉಪಕಾರ ಆಗ್ಬೇಕಲ್ಲ. ಮಕ್ಕಳು ಇಬ್ಬರೂ ಬೆಂಗಳೂರಲ್ಲಿ ಸೆಟ್ಲ್ ಆಗಿದ್ದಾರೆ. ಟಾಕೀಸು ನಡೆಸೋರು ಯಾರೂ ಇಲ್ಲ. ಆ ಮಲ್ಟಿಪ್ಲೆಕ್ಸಿನವರು ಎಲ್ಲಾ ಕಡೆ ತಗೋತಿದ್ದಾರಂತೆ. ನಮ್ಮದನ್ನೂ ತಗೊಂಡು ನಡೆಸ್ತಾರಾ ಕೇಳಿ ನೋಡಿ. ಬಾಡಿಗೆ ಎಷ್ಟಾದ್ರೂ ಕೊಡಲಿ. ಪರದೆ ಮಾತ್ರ ಕೆಳಗಿಳೀಬಾರದು.’

ಕೇಳಿದೆ. ಪರಿಚಯದವರ ಮೂಲಕ ಒಂದು ಸರಪಳಿಯ ಜಾಗ ನೋಡುವ ವಿಭಾಗದವರನ್ನು ಭೇಟಿಯಾದೆ. ಹುಡುಗ ಮರ್ಯಾದಸ್ಥ, ಕುರ್ಚಿ ಕೊಟ್ಟು ಕೂರಿಸಿ ಮಾತಾಡಿಸಿದ. ‘ಸರ್, ಊರಿನ ಜನಸಂಖ್ಯೆ ಎಷ್ಟು? ಮಾಲ್ ಇದೆಯಾ? ಕನಿಷ್ಠ ಮೂರು ಪರದೆಗೆ ಜಾಗ ಇದೆಯಾ? ಎಷ್ಟು ಕಾರು ನಿಲ್ಲಬಹುದು? ಜನ ನೂರೈವತ್ತು, ಇನ್ನೂರು ರೂಪಾಯಿ ಟಿಕೆಟ್ ಕೊಡ್ತಾರಾ?’ ಒಂದೊಂದು ಪ್ರಶ್ನೆಗೂ ನನ್ನ ಉತ್ತರ ‘ಇಲ್ಲ’. ಕೊನೆಗೆ ಅವನೇ ‘ನೀವೇ ಹೇಳಿ ಸರ್, ನಾನು ಏನಂತ ಬರೀಲಿ?’ ಅಂದ. ಅವನ ಮೇಲೆ ಸಿಟ್ಟು ಬರಲಿಲ್ಲ. ಅವನ ಲೆಕ್ಕದಲ್ಲಿ ತಪ್ಪೇನಿರಲಿಲ್ಲ. ಆ ಲೆಕ್ಕದ ಹಾಳೆಯಲ್ಲಿ ನಮ್ಮ ತಾಲೂಕಿಗೆ ಒಂದು ಕಾಲಂ ಇರಲಿಲ್ಲ, ಅಷ್ಟೆ.

ಮುಂದಿನ ವರ್ಷ ಕೊರೋನಾ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಟಾಕೀಸು ಮತ್ತೆ ತೆರೆಯಲಿಲ್ಲ. 2022ರಲ್ಲಿ ಅದು ಕಲ್ಯಾಣ ಮಂಟಪ ಆಯಿತು. ಪರದೆ ಇದ್ದ ಕಡೆ ಈಗ ಗಂಡು ಹೆಣ್ಣು ನಿಲ್ಲುವ ವೇದಿಕೆ. ನಮ್ಮ ಆಪರೇಟರ್ ಸಾಹೇಬರು ಅಲ್ಲೇ ಜನರೇಟರ್ ನೋಡಿಕೊಳ್ಳುತ್ತಾರೆ. ಒಂದು ಮದುವೆಗೆ ಹೋದಾಗ ಸಿಕ್ಕಿದರು. ‘ಹೇಗಿದೀರಾ ಸಾಹೇಬ್ರೇ?’ ಅಂದೆ. ‘ಚೆನ್ನಾಗಿದೀನಿ ಸಾರ್. ಕರೆಂಟು ಹೋದ್ರೆ ಇಲ್ಲಿ ಯಾರೂ ಶಿಳ್ಳೆ ಹಾಕಲ್ಲ’ ಅಂದರು.

ಆ ಊರಿನವರು ಈಗ ಟಾಕೀಸಿನಲ್ಲಿ ಚಿತ್ರ ನೋಡಬೇಕು ಅಂದರೆ ಜಿಲ್ಲಾ ಕೇಂದ್ರಕ್ಕೆ ಬಸ್ ಹತ್ತಬೇಕು. ಗಂಡ, ಹೆಂಡತಿ, ಎರಡು ಮಕ್ಕಳು, ಬಸ್ ಚಾರ್ಜು, ಟಿಕೆಟ್ಟು, ಮಕ್ಕಳು ಹಟ ಹಿಡಿದರೆ ಪಾಪ್‌ಕಾರ್ನು. ಕೂಲಿಯವನ ಮೂರು ದಿನದ ದುಡಿಮೆ ಮೂರು ಗಂಟೆಯಲ್ಲಿ ಮುಗಿಯುತ್ತದೆ. ಆದ್ದರಿಂದ ಅವನು ಹೋಗುವುದಿಲ್ಲ, ಫೋನಿನಲ್ಲಿ ನೋಡಿಕೊಳ್ಳುತ್ತಾನೆ. ಗಾಂಧಿ ಕ್ಲಾಸಿನಲ್ಲಿ ಕುಳಿತು ಕನ್ನಡ ಚಿತ್ರರಂಗವನ್ನು ಐವತ್ತು ವರ್ಷ ಸಾಕಿದವನು ಇವನೇ ಅಲ್ಲವೇ?

ಇನ್ನೂರರ ಗೆರೆ

ಸರ್ಕಾರ ಸುಮ್ಮನೆ ಕೂತಿಲ್ಲ. 2017ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಮಲ್ಟಿಪ್ಲೆಕ್ಸ್ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕಿತು. ವಿಷಯ ಕೋರ್ಟಿಗೆ ಹೋಗಿ ಮಿತಿ ನಿಲ್ಲಲಿಲ್ಲ. 2025ರ ಸೆಪ್ಟೆಂಬರ್ 12ರಂದು ಮತ್ತೆ ಆದೇಶ ಬಂತು. ಎಲ್ಲ ಚಿತ್ರಮಂದಿರಕ್ಕೂ, ಎಲ್ಲ ಭಾಷೆಗೂ ತೆರಿಗೆ ಬಿಟ್ಟು 200ರ ಮಿತಿ, 75 ಸೀಟಿನೊಳಗಿನ ಐಷಾರಾಮಿ ಪರದೆಗಳಿಗೆ ವಿನಾಯಿತಿ. ಹನ್ನೊಂದೇ ದಿನ! ಸೆಪ್ಟೆಂಬರ್ 23ರಂದು ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು.

ಕೇಂದ್ರದವರು ಅದೇ ಸೆಪ್ಟೆಂಬರ್ 22ರಿಂದ ನೂರು ರೂಪಾಯಿವರೆಗಿನ ಟಿಕೆಟ್ ಮೇಲಿನ ಜಿ.ಎಸ್.ಟಿ.ಯನ್ನು ಶೇ. 12ರಿಂದ 5ಕ್ಕೆ ಇಳಿಸಿದರು. ನೂರು ದಾಟಿದರೆ ಶೇ. 18 ಹಾಗೇ ಉಳಿಯಿತು. ನೂರರೊಳಗಿನ ಟಿಕೆಟ್ ಎಲ್ಲಿ ಸಿಗುತ್ತದೆ? ಹೆಚ್ಚಾಗಿ ಉಳಿದಿರುವ ಒಂಟಿ ಟಾಕೀಸಿನಲ್ಲೇ. ಆದ್ದರಿಂದ ಈ ಕ್ರಮ ನನಗೆ ಮಿತಿಯ ಆದೇಶಕ್ಕಿಂತ ಹೆಚ್ಚು ಹಿಡಿಸಿತು. ಮೇಲಿನವನ ತಲೆ ತಗ್ಗಿಸುವುದಕ್ಕಿಂತ ಕೆಳಗಿನವನ ಕಾಲಿಗೆ ಒಂದು ಮೆಟ್ಟಿಲು ಕೊಡುವುದು ಲೇಸು.

ಇನ್ನೊಂದು ದಾರಿಯೂ ಇದೆ. ಪಕ್ಕದ ಕೇರಳಕ್ಕೆ ಹೋಗಿ ನೋಡಿ. 1975ರಲ್ಲಿ ಹುಟ್ಟಿದ ಅಲ್ಲಿನ ರಾಜ್ಯ ಚಲನಚಿತ್ರ ಅಭಿವೃದ್ಧಿ ನಿಗಮ ತಾನೇ ಚಿತ್ರಮಂದಿರಗಳ ಸರಪಳಿ ನಡೆಸುತ್ತದೆ. ತಿರುವನಂತಪುರದಲ್ಲಿ ಕೈರಳಿ, ಶ್ರೀ, ನಿಳಾ ಅಂತ ಒಂದೇ ಕಟ್ಟಡದಲ್ಲಿ ಮೂರು. ಸರಪಳಿ ಅಂದ ಮಾತ್ರಕ್ಕೆ ಅದು ಮಾಲ್‌ನಲ್ಲೇ ಇರಬೇಕು ಅಂತ ಯಾವ ಶಾಸ್ತ್ರದಲ್ಲಿದೆ? ನಮ್ಮ ತಾಲೂಕುಗಳಲ್ಲೂ ನೂರೈವತ್ತು, ಇನ್ನೂರು ಸೀಟಿನ ಚೊಕ್ಕಟ ಚಿತ್ರಮಂದಿರಗಳನ್ನು ಒಂದೇ ಬೋರ್ಡಿನ ಕೆಳಗೆ ಪೋಣಿಸಬಹುದು. ಮಲ್ಟಿಪ್ಲೆಕ್ಸಿನವರಿಂದ ಕಲಿಯಬೇಕಾದದ್ದನ್ನು ಕಲಿಯೋಣ. ನಂಬಿಕೆಯ ಲೆಕ್ಕ, ಮುಚ್ಚುವ ಕದದ ಶೌಚಾಲಯ, ಒಂದೇ ಯಂತ್ರಕೋಣೆಯಿಂದ ಎರಡು ಪರದೆ. ಟಿಕೆಟ್ ಮಾತ್ರ ನೂರರೊಳಗಿರಲಿ. ಸರ್ಕಾರವೋ, ಸಹಕಾರ ಸಂಘವೋ, ಹಳೆಯ ಟಾಕೀಸಿನ ಯಜಮಾನರೇ ಒಟ್ಟಾಗಿಯೋ, ಯಾರು ಮಾಡಿದರೂ ಸರಿ.

ಓದುಗ ಮಿತ್ರರೇ, ನಿಮ್ಮಿಂದಲೂ ಆಗುವ ಒಂದು ಕೆಲಸ ಇದೆ. ಒಳ್ಳೆಯ ಕನ್ನಡ ಚಿತ್ರ ಬಂದಿದೆ ಅಂತ ಕಿವಿಗೆ ಬಿದ್ದರೆ ‘ಮುಂದಿನ ವಾರ ನೋಡೋಣ’ ಅನ್ನಬೇಡಿ. ಎಲ್ಲೋ ದೂರದ ಕಚೇರಿಯಲ್ಲಿ ಪಟ್ಟಿ ತಯಾರಿಸುವವರಿಗೆ ನಿಮ್ಮ ಮುಖ ಗೊತ್ತಿಲ್ಲ, ಮೊದಲ ಮೂರು ದಿನದ ಅಂಕಿ ಮಾತ್ರ ಗೊತ್ತು. ಹಿಂದೆ ನಿಮ್ಮನ್ನು ನಾನು ತಲೆಯಾಗಿ ಎಣಿಸುತ್ತಿದ್ದೆ. ಈಗ ನೀವು ಭಾನುವಾರದೊಳಗೆ ಹೋಗಿ ಕುಳಿತರೆ ಮಾತ್ರ ಎಣಿಕೆಗೆ ಸಿಗುತ್ತೀರಿ.